ಅಟ್ಟದಿಂದ ಉಗುರುಬೆಚ್ಚಗಿನ ಗಾಳಿ: ಬಾಯ್ಲರ್ ಬದಲಿಸಬೇಕಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

(ಮ್ಯಾಸಚೂಸೆಟ್ಸ್‌ನಲ್ಲಿ ಹತ್ತೊಂಬತ್ತು ಚಳಿಗಾಲಗಳಿಂದ ಹೀಟಿಂಗ್ ರಿಪೇರಿ ಮಾಡುತ್ತಿರುವ ತಿಪಟೂರಿನ ಅಕ್ಕ ಈ ಸಂಚಿಕೆಯ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕಾ, ಕಳೆದ ಆಗಸ್ಟ್‌ನಲ್ಲಿ ಆ್ಯಕ್ಟನ್‌ನಲ್ಲಿ ಮನೆ ಕೊಂಡೆವು. ಬೇಸ್‌ಮೆಂಟಿನಲ್ಲಿ ಗ್ಯಾಸ್ ಬಾಯ್ಲರ್ ಇದೆ, ಆದರೆ ಯಾವ ಕೋಣೆಯಲ್ಲೂ ರೇಡಿಯೇಟರ್ ಇಲ್ಲ. ಬೇಸಿಗೆಯಲ್ಲಿ ಎಸಿ ಗಾಳಿ ಬರುತ್ತಿದ್ದ ಜಾಲರಿಯಿಂದಲೇ ಈಗ ಬಿಸಿ ಗಾಳಿ ಬರುತ್ತದೆ. ಕೆಳಮಹಡಿ ಬೆಚ್ಚಗಿದೆ. ಮೇಲಿನ ಮಲಗುವ ಕೋಣೆಗಳಿಗೆ ಮಾತ್ರ ಉಗುರುಬೆಚ್ಚಗಿನ ಗಾಳಿ, ಜೊತೆಗೆ ಅಟ್ಟದಲ್ಲಿ ಗುಳುಗುಳು ಸದ್ದು. ನೋಡಲು ಬಂದವರು ಬಾಯ್ಲರ್ ಹಳೇದು, ಬದಲಿಸಿ ಅಂದರು. ಬದಲಿಸಬೇಕಾ?

ಉತ್ತರ: ಈಗಲೇ ಬೇಡ. ಕೆಳಮಹಡಿ ಬೆಚ್ಚಗಿದೆ ಅಂತ ನೀವೇ ಬರೆದಿದ್ದೀರಿ. ಎರಡೂ ಮಹಡಿಗೆ ನೀರು ಕಾಯಿಸುವುದು ಒಂದೇ ಬಾಯ್ಲರ್. ಅದೇ ಸೋತಿದ್ದರೆ ಕೆಳಗೂ ಚಳಿಯಾಗಬೇಕಿತ್ತು, ಅಲ್ವಾ?

ನಿಮ್ಮ ಮನೆಯ ವ್ಯವಸ್ಥೆಗೆ ಇಲ್ಲಿ ಹೈಡ್ರೋ-ಏರ್ ಅನ್ನುತ್ತಾರೆ. ಹೆಸರು ಹೊಸದು ಅನಿಸಬಹುದು, ಆದರೆ ನಿಮ್ಮ ಕಾರಿನ ಹೀಟರ್ ಕೂಡ ಇದೇ. ಎಂಜಿನ್ ಸುತ್ತಿ ಬಿಸಿಯಾದ ನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ಕಾಯಿಲ್‌ಗೆ ಬರುತ್ತದೆ, ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ. ಮನೆಯಲ್ಲಿ ಎಂಜಿನ್ ಬದಲು ಬಾಯ್ಲರ್. ನೀರು 160ರಿಂದ 180 ಡಿಗ್ರಿ ಫ್ಯಾರನ್‌ಹೀಟ್ ಕಾಯುತ್ತದೆ, ಪಂಪು ಅದನ್ನು ಅಟ್ಟಕ್ಕೆ ತಳ್ಳುತ್ತದೆ. ಅಲ್ಲಿ ಒಂದು ದೊಡ್ಡ ತಗಡಿನ ಪೆಟ್ಟಿಗೆ ಇದೆಯಲ್ಲ, ಅದರೊಳಗೆ ತಾಮ್ರದ ಕೊಳವೆ, ಕೊಳವೆಗೆ ಒತ್ತೊತ್ತಾಗಿ ಅಲ್ಯೂಮಿನಿಯಂ ಪಟ್ಟಿ. ಇದೇ ಮನೆಯ ಕಾಯಿಲ್. ಬ್ಲೋವರ್ ಅದರ ಮೂಲಕ ಗಾಳಿ ಹಾಯಿಸುತ್ತದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 4 ಗ್ಯಾಲನ್ ನೀರು ಹೋಗಿ, 20 ಡಿಗ್ರಿ ತಣ್ಣಗಾಗಿ ವಾಪಸ್ ಬಂದರೆ ಗಂಟೆಗೆ 40,000 ಬಿಟಿಯು ಶಾಖ ಸಿಕ್ಕಂತೆ. ಊರಿನ ಬಚ್ಚಲಿನ 2 ಕಿಲೋವ್ಯಾಟ್ ಗೀಸರ್‌ಗಳು ಆರು ಒಟ್ಟಿಗೆ ಉರಿದಷ್ಟು!

ಇನ್ನು ಗುಳುಗುಳು. ನೀರು ತುಂಬಿದ ಪೈಪು ಸದ್ದು ಮಾಡಲ್ಲ. ಸದ್ದು ಬಂತು ಅಂದರೆ ಒಳಗೆ ಗಾಳಿ ಸೇರಿದೆ. ಬೇಸ್‌ಮೆಂಟಿಗೆ ಹೋಗಿ ಬಾಯ್ಲರ್ ಮೇಲಿನ ಪ್ರೆಶರ್ ಗೇಜ್ ನೋಡಿ. ಬಾಯ್ಲರ್ ಆರಿ ತಣ್ಣಗಿದ್ದಾಗ ಸಾಮಾನ್ಯವಾಗಿ ಚದರ ಇಂಚಿಗೆ 12 ಪೌಂಡ್ (psi) ಇಟ್ಟಿರುತ್ತಾರೆ. ಒಂದು ಪೌಂಡ್ ಒತ್ತಡ ನೀರನ್ನು 2.31 ಅಡಿ ಎತ್ತುತ್ತದೆ. 12 ಪೌಂಡ್ ಅಂದರೆ ಹತ್ತಿರ ಹತ್ತಿರ 28 ಅಡಿ. ಎರಡಂತಸ್ತಿನ ಮನೆಯ ಬೇಸ್‌ಮೆಂಟಿನಿಂದ ಅಟ್ಟಕ್ಕೆ ಹೆಚ್ಚುಕಡಿಮೆ ಅಷ್ಟೇ ಎತ್ತರ ಇರುತ್ತದೆ. ಅಂದರೆ ನೀರು ಅಟ್ಟಕ್ಕೆ ಮುಟ್ಟುತ್ತದೆ, ಮುಟ್ಟಿದ್ದಷ್ಟೇ. ಗೇಜ್ 9ಕ್ಕೋ 10ಕ್ಕೋ ಇಳಿದಿದ್ದರೆ ಮೇಲಿನ ಕಾಯಿಲ್‌ನಲ್ಲಿ ಗಾಳಿ ಕೂತುಬಿಡುತ್ತದೆ. ಅಟ್ಟದಲ್ಲಿ ಕಾಯಿಲ್ ಇರುವ ಮನೆಗಳಲ್ಲಿ ನಾನು 16ರಿಂದ 18 ಇಡುತ್ತೇನೆ. 30ಕ್ಕೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಅದಕ್ಕಿಂತ ಬಹಳ ಕೆಳಗಿದ್ದೇವೆ.

ಕೆಲಸ ಕಲಿಯುತ್ತಿದ್ದ ಮೊದಲ ಚಳಿಗಾಲದಲ್ಲಿ ಇಂಥದೇ ಮನೆಯಲ್ಲಿ ನಾನು ಸುಮ್ನೆ ಪಂಪು ಬದಲಿಸಿದ್ದೆ. ಹೊಸ ಪಂಪು, ಅದೇ ಚಳಿ. ನನಗೆ ಕೆಲಸ ಕಲಿಸಿದವರು ಬಂದರು. ಅಟ್ಟ ಹತ್ತಿ ಕಾಯಿಲ್‌ನ ತುದಿಯಲ್ಲಿದ್ದ ಪುಟ್ಟ ತಿರುಪನ್ನು ಅರ್ಧ ಸುತ್ತು ಸಡಿಲ ಮಾಡಿ, ಕೆಳಗೆ ಟೀ ಕಪ್ ಹಿಡಿದರು. ಮೊದಲು ಬರೀ ಬುಸ್ ಅಂತ ಗಾಳಿ. ಆಮೇಲೆ ನೀರು, ಗಾಳಿ ಎರಡೂ ಕೆಮ್ಮುತ್ತಾ ಬಂದವು. ಕೊನೆಗೆ ಕಪ್ಪು ಬಣ್ಣದ ನೀರು ಒಂದೇ ಸಮ ಹರಿಯಿತು. ತಿರುಪು ಬಿಗಿ ಮಾಡಿದರು, ಹತ್ತು ನಿಮಿಷಕ್ಕೆ ಕೋಣೆ ಬೆಚ್ಚಗಾಯಿತು. ಆ ಪಂಪಿನ ದುಡ್ಡು ನನ್ನ ಸಂಬಳದಲ್ಲಿ ಹೋಯಿತು.

ಅದಾದ ಮೇಲೆ ನಾನು ಮೊದಲು ನೋಡುವುದು ಕಾಯಿಲ್‌ಗೆ ಹೋಗುವ ಮತ್ತು ಬರುವ ಎರಡು ಪೈಪು. ಕೈಯಿಂದ ಹಿಡಿಯಬೇಡಿ, ಸುಡುತ್ತದೆ. ಗುರಿಯಿಟ್ಟು ಶಾಖ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರ್ ಅಗ್ಗಕ್ಕೇ ಸಿಗುತ್ತದೆ. ಆದರೆ ಹೊಳೆಯುವ ತಾಮ್ರದ ಮೇಲೆ ಅದು ಸುಳ್ಳು ಹೇಳುತ್ತದೆ. ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಟೇಪಿನ ಮೇಲೆ ಅಳೆಯಿರಿ. ಹೋಗುವುದು ಬಿಸಿ, ಬರುವುದು ತೀರಾ ತಣ್ಣಗೆ ಅಂದರೆ ನೀರು ಸರಿಯಾಗಿ ಹರಿಯುತ್ತಿಲ್ಲ, ಗಾಳಿ ತೆಗೆಸಿ. ಎರಡೂ ತಣ್ಣಗಿದ್ದರೆ ಪಂಪು ಅಥವಾ ಆ ಮಹಡಿಯ ವಾಲ್ವ್ ನೋಡಬೇಕು. ಎರಡೂ ಸುಡುತ್ತಿದ್ದು, ಜಾಲರಿಯಲ್ಲಿ ಗಾಳಿಯೇ ಜೋರಿಲ್ಲ ಅಂದರೆ ಫಿಲ್ಟರ್ ಕಟ್ಟಿದೆ. ಹೊಸ ಮನೆ ಕೊಂಡವರು ಆ ಫಿಲ್ಟರ್ ಎಲ್ಲಿದೆ ಅಂತಲೇ ನೋಡಿರಲ್ಲ.

ಗಾಳಿ ನೀವೇ ತೆಗೆಯುವುದಾದರೆ ಬಾಯ್ಲರ್ ಆರಿಸಿ, ನೀರು ತಣಿದ ಮೇಲೆ ಮಾತ್ರ. ಧೈರ್ಯ ಇಲ್ಲದಿದ್ದರೆ ಯಾರನ್ನಾದರೂ ಕರೆಸಿ. ಒಂದು ಗಂಟೆಯ ಕೂಲಿ, ಬಾಯ್ಲರ್ ಬೆಲೆಯಲ್ಲ.

ಪ್ರಶ್ನೆ: ದಾವಣಗೆರೆಯಿಂದ ಅಮ್ಮ ಬಂದಿದ್ದಾರೆ. ತುಟಿ ಒಡೆದಿದೆ, ಮೂಗು ಒಣಗುತ್ತದೆ. "ಬಿಸಿ ನೀರಿನ ಹೀಟರ್ ಅಂತೀರಿ, ಗಾಳಿ ಯಾಕೆ ಇಷ್ಟು ಒಣ?" ಅಂತ ಕೇಳುತ್ತಾರೆ. ಏನು ಹೇಳಲಿ? (ಫ್ರೇಮಿಂಗ್‌ಹ್ಯಾಮ್)

ಉತ್ತರ: ಅಮ್ಮನವರ ಪ್ರಶ್ನೆ ಸರಿಯಾಗೇ ಇದೆ. ಆದರೆ ನೀರು ಕೊಳವೆಯೊಳಗೆ ಮುಚ್ಚಿಕೊಂಡೇ ಸುತ್ತುತ್ತದೆ, ಗಾಳಿಗೆ ಒಂದು ಹನಿಯೂ ತಾಗಲ್ಲ. ಹೀಟರ್ ತೇವ ಕೊಡುವುದೂ ಇಲ್ಲ, ಸುಡುವುದೂ ಇಲ್ಲ. ಹೊರಗೆ 0 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ಘನ ಮೀಟರ್ ಗಾಳಿ ಹಿಡಿಯುವುದೇ ಸುಮಾರು 5 ಗ್ರಾಂ ತೇವ. ಅದೇ ಗಾಳಿ ಸಂದುಗೊಂದಿಯಿಂದ ಒಳಗೆ ಬಂದು 21 ಡಿಗ್ರಿಗೆ ಕಾದರೆ 18 ಗ್ರಾಂ ಹಿಡಿಯಬಲ್ಲದು. ಇರುವುದು ಮಾತ್ರ ಅದೇ 5. ಉಳಿದದ್ದನ್ನು ಅಮ್ಮನ ತುಟಿಯಿಂದ ಎಳೆದುಕೊಳ್ಳುತ್ತದೆ. ಒಗೆದ ಬಟ್ಟೆಯನ್ನು ಅವರ ಕೋಣೆಯಲ್ಲೇ ಹರವಿ. ಹ್ಯೂಮಿಡಿಫೈಯರ್ ಇಟ್ಟರೆ 30ರಿಂದ 40 ಪರ್ಸೆಂಟ್ ಸಾಕು. ಕಿಟಕಿ ಗಾಜು ಬೆವರಿದರೆ ಜಾಸ್ತಿ ಆಯಿತು ಅಂತ ತಿಳಿದು ಕಡಿಮೆ ಮಾಡಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೋಗುತ್ತೇವೆ. ಹೀಟಿಂಗ್ ಪೂರ್ತಿ ಆಫ್ ಮಾಡಿದರೆ ಉಳಿತಾಯ ಅಲ್ವಾ? (ಶ್ರೂಸ್‌ಬರಿ)

ಉತ್ತರ: ದಯವಿಟ್ಟು ಬೇಡ. ಹೀಗೇ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದವರ ಮನೆಗೆ ನಾನು ಹೋಗಿದ್ದೆ. ಮೇಲ್ಮಹಡಿ ಥರ್ಮೋಸ್ಟಾಟ್ ಆಫ್. ಅಟ್ಟದ ಕಾಯಿಲ್‌ನಲ್ಲಿ ನಿಂತ ನೀರು ಹೆಪ್ಪುಗಟ್ಟಿತ್ತು. ಗಟ್ಟಿಯಾಗಿದ್ದಷ್ಟು ದಿನ ಒಂದು ತೊಟ್ಟೂ ಸೋರಿಲ್ಲ. ಬಿಸಿಲು ಬಂದು ಕರಗಿದ ದಿನ ಶುರು. ಬಾಯ್ಲರ್‌ಗೆ ನೀರು ತಾನಾಗಿಯೇ ತುಂಬಿಕೊಳ್ಳುತ್ತದಲ್ಲ, ಹಾಗಾಗಿ ನಿಲ್ಲಲೇ ಇಲ್ಲ. ನಾನು ನೋಡಿದಾಗ ಮಲಗುವ ಕೋಣೆಯ ಗಾಜಿನ ದೀಪದ ಬಟ್ಟಲು ಉರುಳಿಯಂತೆ ತುಂಬಿತ್ತು. ತಾಮ್ರದ ಬಾಗಿನಲ್ಲಿದ್ದ ಬಿರುಕು ಮಾತ್ರ ಅಕ್ಕಿಕಾಳಿನಷ್ಟು.

ಎರಡೂ ಮಹಡಿಯ ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಸಬೇಡಿ. ಪಕ್ಕದವರಿಗೆ ಕೀ ಕೊಟ್ಟು ಆಗಾಗ ನೋಡಲು ಹೇಳಿ. ಪ್ರತಿ ವರ್ಷ ಹೋಗುವವರಾದರೆ ಬಾಯ್ಲರ್ ನೀರಿಗೆ, ಅದು ಹೆಪ್ಪುಗಟ್ಟದಂತೆ ತಡೆಯುವ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿಸಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಅಲ್ಲ, ಅದು ವಿಷ. ಹೋಗುವ ಮೊದಲು ಕಾರ್ಬನ್ ಮಾನಾಕ್ಸೈಡ್ ಅಲಾರಂನ ಬ್ಯಾಟರಿಯನ್ನೂ ನೋಡಿ. ಜಾಲರಿಯಿಂದ ಬರುವ ಗಾಳಿಗೆ ಬೆಂಕಿ ತಾಗದಿದ್ದರೂ ಕೆಳಗೆ ಬಾಯ್ಲರ್ ಉರಿಯುತ್ತಲೇ ಇರುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಅಪ್ಪನ ಮನೆ ಮೇಲೆ 200 ಲೀಟರ್ ಸೋಲಾರ್ ಇದೆ. ಮಳೆಗಾಲದ ಥಂಡಿಗೆ ಆ ನೀರನ್ನೇ ಕಾಯಿಲ್‌ಗೆ ಹರಿಸಿ ಫ್ಯಾನು ಹಾಕಬಹುದಾ? (ವರ್ಸೆಸ್ಟರ್)

ಉತ್ತರ: ಯೋಚನೆ ಚೆನ್ನಾಗಿದೆ, ಆದರೆ ಜುಲೈನಲ್ಲಿ ಮಡಿಕೇರಿಗೆ ಬಿಸಿಲು ಯಾರು ತರುತ್ತಾರೆ? ಒಂದು ದಿನ ಬಿಸಿಲು ಬಂತು ಅಂತಲೇ ಇಟ್ಟುಕೊಳ್ಳಿ. 200 ಲೀಟರ್ ನೀರು 60 ಡಿಗ್ರಿ ಸೆಲ್ಸಿಯಸ್‌ನಿಂದ 35ಕ್ಕೆ ಇಳಿದರೆ ಸಿಗುವ ಶಾಖ 6 ಯೂನಿಟ್ ಕರೆಂಟಿಗಿಂತಲೂ ಸ್ವಲ್ಪ ಕಡಿಮೆ. 2 ಕಿಲೋವ್ಯಾಟ್ ಹೀಟರ್ ಮೂರು ಗಂಟೆ ಹಾಕಿದಂತೆ. ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋದರೆ ನಿಮಗೆ ಫೋನ್ ಬರುತ್ತದೆ. ಅಲ್ಲಿ ಚಳಿಗಿಂತ ತೇವವೇ ಕಾಟ. ಒಂದು ಡಿಹ್ಯೂಮಿಡಿಫೈಯರ್ ಕೊಡಿಸಿ. ಬಟ್ಟೆಯೂ ಒಣಗುತ್ತದೆ, ಅದು ಬಿಡುವ ಬಿಸಿಗೆ ಕೋಣೆಯೂ ಒಂದಿಷ್ಟು ಬೆಚ್ಚಗಿರುತ್ತದೆ.