ಲೆಕ್ಕದ ಪುಸ್ತಕ ಹಿಡಿದ ಗಂಡನೊಂದಿಗೆ 118 ದಿನ

ನೀವು ಹಾಸನದವರು, ಗಂಡ ಒಂದೊಂದು ರೂಪಾಯಿಗೂ ಲೆಕ್ಕ ಇಡುವವರು, ಆರು ತಿಂಗಳು ಕಡಿಮೆ ಖರ್ಚಿನಲ್ಲಿ ದೇಶ ಸುತ್ತುವ ಆಸೆ ಇದೆ, ಜಗಳವಾಡದೆ ಮರಳಲು ಸಾಧ್ಯವೇ ಎಂದು ಕೇಳಿದ್ದೀರಿ. ಜಗಳವಾಡದೆ ಸಾಧ್ಯವಿಲ್ಲ. ಆದರೆ ಯಾವ ಜಗಳವನ್ನು ಮನೆಯಲ್ಲೇ ಆಡಿ ಮುಗಿಸಿ ಹೊರಡಬೇಕು ಎಂಬುದನ್ನು ನಾನು ಹೇಳಬಲ್ಲೆ.

ನಮ್ಮದು ಮೂಡಿಗೆರೆ ತಾಲ್ಲೂಕು. ನಾನು ಸರ್ಕಾರಿ ಶಾಲೆಯ ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರು ಇಪ್ಪತ್ತೊಂಬತ್ತು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕುಯ್ದ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ಬರೆಯದೆ ಇದ್ದರೆ ಅವರಿಗೆ ಊಟ ಸೇರುವುದಿಲ್ಲ. 2000ದ ನಂತರ ಕಾಫಿ ಬೆಲೆ ನೆಲಕಚ್ಚಿದಾಗ ಅವರ ಸಂಬಳ ಏಳು ತಿಂಗಳು ನಿಂತಿತ್ತು. ನನ್ನೊಬ್ಬಳ ಸಂಬಳದಲ್ಲಿ ಇಬ್ಬರು ಮಕ್ಕಳ ಓದು, ಅತ್ತೆಯವರ ಔಷಧಿ ಎಲ್ಲವೂ ಆಗಬೇಕಿತ್ತು. ಆಗ ಬಿಗಿದ ಕೈ ಇಂದಿಗೂ ಸಡಿಲವಾಗಿಲ್ಲ. ನಿಮ್ಮವರ ಲೆಕ್ಕಾಚಾರಕ್ಕೂ ಎಲ್ಲೋ ಇಂಥದೊಂದು ಬೇರು ಇದ್ದೀತು. ಹೊರಡುವ ಮುನ್ನ ಒಂದು ಸಂಜೆ ಕೂತು ಅದನ್ನು ಕೇಳಿ. ಗೊತ್ತಿದ್ದರೆ ಬಸ್ ನಿಲ್ದಾಣದಲ್ಲಿ ಅವರು ಐವತ್ತು ರೂಪಾಯಿಗೆ ವಾದ ಹೂಡಿದಾಗ ನಿಮಗೆ ಅರ್ಧದಷ್ಟೇ ಸಿಟ್ಟು ಬರುತ್ತದೆ.

ನಾವು 2023ರ ನವೆಂಬರ್‌ನಲ್ಲಿ ಹೊರಟು 2024ರ ಮಾರ್ಚ್ ಮೊದಲ ವಾರ ಮರಳಿದೆವು. ಪಂಢರಪುರ, ನಾಸಿಕ್, ಉಜ್ಜಯಿನಿ, ಪುಷ್ಕರ, ಅಮೃತಸರ, ಹರಿದ್ವಾರ, ಕಾಶಿ, ಪುರಿ. 118 ದಿನಕ್ಕೆ ಇಬ್ಬರಿಗೂ ಸೇರಿ 1,61,000 ರೂಪಾಯಿ ಆಯಿತು, ಅಂದರೆ ದಿನಕ್ಕೆ 1,400ಕ್ಕಿಂತ ಕಡಿಮೆ. ಈ ಹಣದಲ್ಲಿ ಇಷ್ಟು ದಿನ ಸುತ್ತಲು ಸಾಧ್ಯವಾದದ್ದು ಅವರ ಲೆಕ್ಕದಿಂದಲೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೊಬ್ಬಳೇ ಖರ್ಚು ನೋಡಿಕೊಂಡಿದ್ದರೆ ಉಜ್ಜಯಿನಿಯಿಂದಲೇ ವಾಪಸ್ ಬರಬೇಕಿತ್ತು.

ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ನಮ್ಮ ಚಿಕ್ಕಮಗಳೂರು, ನಿಮ್ಮ ಹಾಸನ ಜಿಲ್ಲೆಗಳಲ್ಲಿ ಒಂಬತ್ತು ದಿನ ತಿರುಗಿ ನೋಡಿದೆವು. ಇದನ್ನು ನೀವೂ ತಪ್ಪದೆ ಮಾಡಿ. ಶೃಂಗೇರಿ, ಹೊರನಾಡು, ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಶಕ್ತಿ ಯೋಜನೆ ಆ ವರ್ಷದ ಜೂನ್ 11ರಂದು ಶುರುವಾಗಿತ್ತು, ಹಾಗಾಗಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಲ್ಲಿ ನನಗೆ ಶೂನ್ಯ ಟಿಕೆಟ್. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ರಾಜಹಂಸದಂಥ ಬಸ್‌ಗಳಿಗೆ ಮತ್ತು ರಾಜ್ಯದ ಗಡಿಯಾಚೆಗೆ ಇದು ಇಲ್ಲ. ಶೃಂಗೇರಿಯಲ್ಲಿ, ಹೊರನಾಡಿನಲ್ಲಿ ಊಟ ಪ್ರಸಾದದ್ದು. ಒಂಬತ್ತು ದಿನ ಅವರು ಮಗುವಿನಂತೆ ಖುಷಿಯಾಗಿದ್ದರು. ಶ್ರವಣಬೆಳಗೊಳದಲ್ಲಿ ಮಾತ್ರ ಎಡವಿದೆವು. ಮುಂಜಾನೆ ಆಟೊ ಬೇಡ, ನಂತರದ ಬಸ್ ಸಾಕು ಎಂದು ಕಾದು, ವಿಂಧ್ಯಗಿರಿಯ ಬುಡ ಮುಟ್ಟುವಾಗ ಮಧ್ಯಾಹ್ನ ಒಂದೂವರೆ. ಬರಿಗಾಲಿನಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಕಾವಲಿಯಂತೆ ಕಾದ ಬಂಡೆ. ಗೊಮ್ಮಟನ ಮುಂದೆ ನಿಂತಾಗ ಕಣ್ಣು ಮೇಲೆ ಹೋಗಲೇ ಇಲ್ಲ, ಅಂಗಾಲಿನ ಉರಿಯಲ್ಲೇ ಮನಸ್ಸು. ಅದನ್ನು ನಾವಿಬ್ಬರೂ ಪಾಠವಾಗಿ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ.

ಹರಿದ್ವಾರದಲ್ಲಿ ಅದೇ ತಪ್ಪು ದೊಡ್ಡದಾಗಿ ಬಂತು. ಡಿಸೆಂಬರ್ ಕೊನೆ, ಮಂಜಿನಿಂದ ರೈಲು ಆರು ಗಂಟೆ ತಡ. ಇಳಿದಾಗ ರಾತ್ರಿ ಹನ್ನೊಂದು. ನಿಲ್ದಾಣದ ಎದುರಿನ ವಸತಿಗೃಹದಲ್ಲಿ 900 ರೂಪಾಯಿ ಕೇಳಿದರು. "ಸ್ವಲ್ಪ ನಡೆದರೆ ಧರ್ಮಶಾಲೆ ಇದೆಯಂತೆ, 400ಕ್ಕೆ ಸಿಗುತ್ತದೆ" ಎಂದು ನಮ್ಮವರು ಚೀಲ ಹೆಗಲಿಗೇರಿಸಿದರು. ನನಗೆ ಬೇಡ ಎನ್ನುವಷ್ಟೂ ತ್ರಾಣ ಇರಲಿಲ್ಲ. ಎರಡು ಕಿಲೋಮೀಟರ್ ನಡೆದೆವು. ಗೇಟಿಗೆ ಬೀಗ. ವಾಪಸ್ ಬರುವಷ್ಟರಲ್ಲಿ ಆ 900 ರೂಪಾಯಿಯ ಕೋಣೆಯೂ ಹೋಗಿತ್ತು. ನಿರೀಕ್ಷಣಾ ಕೊಠಡಿಯ ತಣ್ಣನೆಯ ನೆಲದ ಮೇಲೆ ಶಾಲು ಹಾಸಿ ಬೆಳಗು ಮಾಡಿದೆವು. ಬೆಳಿಗ್ಗೆ ನನಗೆ ಜ್ವರ, ಬಲ ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು. ಮೂರು ದಿನ 1,100 ರೂಪಾಯಿಯ ಕೋಣೆ, ಜೊತೆಗೆ ವೈದ್ಯರು, ಮಾತ್ರೆ.

ಮೂರನೆಯ ದಿನ ಅವರು ಸ್ನಾನಕ್ಕೆ ಹೋದಾಗ ನಾನು ಲೆಕ್ಕದ ಪುಸ್ತಕ ತೆರೆದೆ. ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಂತೆ ಗೆರೆ ಎಳೆದ ಪುಟ, ಅದೇ ಒತ್ತೊತ್ತಾದ ಅಕ್ಷರ. "ಉಳಿಸಬೇಕೆಂದದ್ದು 500. ಆದದ್ದು 4,260. ತಪ್ಪು ನನ್ನದು." ಮೂರು ವಾಕ್ಯಗಳ ಕೆಳಗೂ ಎರಡು ಗೆರೆ ಎಳೆದಿದ್ದರು. ನನ್ನ ಬಳಿ ಬಾಯಿಬಿಟ್ಟು ಹೇಳಿರಲಿಲ್ಲ. ನಾನೂ ಓದಿದೆನೆಂದು ಹೇಳಲಿಲ್ಲ. ಅಂದು ಸಂಜೆ ಗಂಗೆಯ ಕಟ್ಟೆಯ ಮೇಲೆ ಕೂತು ನಮ್ಮ ಕಟ್ಟುಪಾಡು ಬರೆದೆವು.

ರಾತ್ರಿ ಎಂಟರ ನಂತರ ಚೌಕಾಸಿ ಇಲ್ಲ, ಸಿಕ್ಕ ಮೊದಲ ಶುಚಿಯಾದ ಕೋಣೆಗೆ ದುಡ್ಡು ಕೊಟ್ಟು ಮಲಗುವುದು. ಹೊಸ ಊರಿನ ಮೊದಲ ರಾತ್ರಿಯ ಕೋಣೆಯನ್ನು ಹಿಂದಿನ ಊರಿನಲ್ಲೇ ಗೊತ್ತು ಮಾಡಿಕೊಳ್ಳುವುದು, ಅಗ್ಗದ್ದನ್ನು ಹುಡುಕುವುದಿದ್ದರೆ ಮರುದಿನ ಹಗಲಿನಲ್ಲಿ. ಇಬ್ಬರಲ್ಲಿ ಯಾರಿಗೇ ಆಗಲಿ ಮೈ ಸರಿಯಿಲ್ಲ ಅನ್ನಿಸಿದರೆ, ಆ ದಿನ ಅವರ ಮಾತೇ ಕೊನೆ. ಮತ್ತೆ, ಪ್ರತಿದಿನ ತಲಾ ನೂರು ರೂಪಾಯಿ ಪುಸ್ತಕಕ್ಕೆ ಬಾರದ ಹಣ. ಈ ಕೊನೆಯದಕ್ಕಾಗಿ ನಾನು ಹಟ ಮಾಡಿದೆ. ನಿಮಗೂ ಅದನ್ನೇ ಒತ್ತಿ ಹೇಳುತ್ತೇನೆ. ಒಂದು ಡಜನ್ ಬಳೆ ಕೊಳ್ಳಲು ಅರವತ್ತು ವರ್ಷದ ಹೆಂಗಸು ಕಾರಣ ಹೇಳಬೇಕಾಗಿ ಬಂದರೆ ಆ ಪ್ರವಾಸ ಯಾರಿಗೆ ಬೇಕು? ಅವರು ತಮ್ಮ ನೂರರಲ್ಲಿ ಸೀಬೆಹಣ್ಣು ಕೊಳ್ಳುತ್ತಿದ್ದರು. ಚಾಕುವಿನಿಂದ ನಾಲ್ಕು ಸೀಳಿ, ಊರಿನಿಂದ ತಂದ ಮೆಣಸಿನ ಪುಡಿ, ಉಪ್ಪು ಉದುರಿಸಿ, ಎದುರು ಸೀಟಿನವರಿಗೆ ಮೊದಲು ಚಾಚುತ್ತಿದ್ದರು.

ಇದರಿಂದಲೇ ಇನ್ನೊಂದು ಮಾತು. ನಿಮ್ಮವರು ಮಿತವ್ಯಯಿಯೋ ಜಿಪುಣರೋ ಎಂಬುದನ್ನು ನೋಡಿಕೊಳ್ಳಿ, ಎರಡೂ ಒಂದಲ್ಲ. ನಮ್ಮವರು ಕೋಣೆಯ ಬಾಡಿಗೆಗೆ ಅರ್ಧ ಗಂಟೆ ವಾದಿಸುತ್ತಾರೆ. ಕಾಶಿಯಲ್ಲಿ ಸೈಕಲ್ ರಿಕ್ಷಾ ತುಳಿಯುವ ಮುದುಕನ ಜೊತೆ ಒಂದು ರೂಪಾಯಿಗೂ ವಾದಿಸಲಿಲ್ಲ, ಏರು ಬಂದಾಗ ಇಳಿದು ನಡೆದರು. ಅಮೃತಸರದ ಸ್ವರ್ಣಮಂದಿರದಲ್ಲಿ ಹಗಲಿರುಳು ಎಲ್ಲರಿಗೂ ಊಟವಿದೆ. ಎರಡೂ ಕೈ ಬೊಗಸೆ ಮಾಡಿ ರೊಟ್ಟಿ ತೆಗೆದುಕೊಳ್ಳಬೇಕು. ಉಂಡೆದ್ದ ನಮ್ಮವರು ನೇರವಾಗಿ ತಟ್ಟೆ ತೊಳೆಯುವ ತೊಟ್ಟಿಯ ಬಳಿ ಹೋಗಿ ಎರಡು ಗಂಟೆ ನಿಂತರು. ಉಂಡ ಊಟಕ್ಕೆ ಮೈಮುರಿದು ಕೂಲಿ ಸಲ್ಲಿಸದೆ ಅವರಿಗೆ ಸಮಾಧಾನವಿಲ್ಲ. ಇಂಥವರ ಜೊತೆ ಆರು ತಿಂಗಳಲ್ಲ, ಆರು ವರ್ಷ ತಿರುಗಬಹುದು. ದುಡಿಯುವವನ ಕೂಲಿಗೆ ಚೌಕಾಸಿ ಮಾಡಿ ತಮ್ಮ ತಟ್ಟೆಗೆ ಎರಡು ಸಿಹಿ ಹಾಕಿಸಿಕೊಳ್ಳುವವರಾದರೆ ಪ್ರವಾಸವನ್ನು ಒಂದು ತಿಂಗಳಿಗೆ ಇಳಿಸಿಬಿಡಿ.

ರೈಲಿನ ಬಗ್ಗೆ ಎರಡು ಮಾತು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ಅದನ್ನು ನಂಬಿ ಯಾರಾದರೂ ಲೆಕ್ಕ ಹಾಕಿಕೊಟ್ಟರೆ ಒಪ್ಪಬೇಡಿ. ಹೊರಟ ನಿಲ್ದಾಣಕ್ಕೇ ಮರಳುವವರಿಗೆ ಸರ್ಕ್ಯುಲರ್ ಜರ್ನಿ ಟಿಕೆಟ್ ಎಂಬುದಿದೆ. ನಡುವೆ ಎಂಟು ಕಡೆ ಇಳಿಯಬಹುದು, ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುತ್ತದೆ. ನಮ್ಮವರು ಕಡೂರು ನಿಲ್ದಾಣದಲ್ಲಿ ವಿಚಾರಿಸಿ ಹಿಗ್ಗಿದರು. ಆದರೆ ಅದರ ಅವಧಿ ದೂರಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಒಂದೂವರೆ ತಿಂಗಳ ಸುತ್ತಿಗೆ ಸರಿ, ಒಂದೊಂದು ಊರಿನಲ್ಲಿ ಹದಿನೈದು ದಿನ ನಿಲ್ಲುವ ನಮ್ಮಂಥವರಿಗೆ ಆಗಿಬರುವುದಿಲ್ಲ.

ಅಡುಗೆಯ ಸಾಮಾನು ಒಯ್ಯಬೇಕೇ ಎಂದೂ ಕೇಳಿದ್ದೀರಿ. ಬೇಡ. ಹಲವು ಕಡೆ ಕೋಣೆಯಲ್ಲಿ ಬೇಯಿಸಲು ಬಿಡುವುದಿಲ್ಲ, ರೈಲಿನ ಪ್ಲಗ್‌ಗೆ ವಿದ್ಯುತ್ ಕೆಟಲ್ ಚುಚ್ಚುವುದು ನಿಷಿದ್ಧ. ಚಟ್ನಿಪುಡಿ, ಉಪ್ಪಿನಕಾಯಿ ಇರಲಿ. ಕಾಫಿಪುಡಿ ಮತ್ತು ಸೋಸುವ ಬಟ್ಟೆ ಇರಲೇಬೇಕು. ಉತ್ತರದಲ್ಲಿ ಹೋದ ಊರುಗಳಲ್ಲೆಲ್ಲ ನಮಗೆ ಸಿಕ್ಕಿದ್ದು ಚಹಾ. ಯಾವುದಾದರೂ ಚಹಾ ಅಂಗಡಿಯಲ್ಲಿ ಬಿಸಿನೀರಿಗೂ ಹಾಲಿಗೂ ಕೇಳಿದಷ್ಟು ಕೊಟ್ಟು, ಬೆಂಚಿನ ಮೇಲೆ ಲೋಟ ಇಟ್ಟು ನಮ್ಮವರೇ ಡಿಕಾಕ್ಷನ್ ಇಳಿಸುತ್ತಿದ್ದರು. ಅಂಗಡಿಯವನಿಗೂ ಅರ್ಧ ಲೋಟ. ನಾವು ಒಯ್ದ ಎರಡು ಕಿಲೋ ಪುಡಿ ಜನವರಿಗೇ ಮುಗಿದು ಮಗಳಿಂದ ಕಾಶಿಗೆ ಪಾರ್ಸೆಲ್ ತರಿಸಿಕೊಳ್ಳಬೇಕಾಯಿತು. ನೀವು ಆರು ತಿಂಗಳಿಗೆ ಹೊರಟವರು, ನಾಲ್ಕು ಕಿಲೋ ಕಟ್ಟಿಕೊಳ್ಳಿ.