ಬೊಜ್ಜು ನಮ್ಮ ರಕ್ತದಲ್ಲೇ ಇದೆಯಾ, ಡಾಕ್ಟ್ರೇ?

ಪ್ರಶ್ನೆ: ನನಗೆ 41 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 74 ಕೆಜಿ. ಅವ್ವ ದಪ್ಪ, ಇಬ್ಬರು ಚಿಗವ್ವಂದಿರೂ ದಪ್ಪ. ಹೊಲಿಗೆ ಅಂಗಡಿ ಇದೆ. ಮೋಟಾರ್ ಮಷಿನ್ ಮುಂದೆ ದಿನವಿಡೀ ಕೂತಿರುತ್ತೇನೆ. "ನಿಮ್ಮ ಮನೆತನದ ರಕ್ತದಾಗ ಐತಿ, ಏನ್ ಮಾಡಿದ್ರೂ ಕರಗೂದಿಲ್ಲ" ಅಂತಾರೆ ಎಲ್ಲರೂ. ಮೊನ್ನೆ ಒಂದು ಲ್ಯಾಬಿನಲ್ಲಿ ಪ್ಯಾಕೇಜ್ ಟೆಸ್ಟ್ ಮಾಡಿಸಿದೆ. ಲೆಪ್ಟಿನ್ ಜಾಸ್ತಿ, ಸಿಆರ್‌ಪಿ 4.2 ಅಂತ ಬಂತು. ಈಗ ಜೀನ್ ಟೆಸ್ಟೂ ಮಾಡಿಸಿ ಅನ್ನುತ್ತಿದ್ದಾರೆ. ಮಾಡಿಸಲೇ? ಬೆಟಗೇರಿಯಲ್ಲಿ ಮಗ್ಗ ನೇಯುತ್ತಿದ್ದ ನಮ್ಮಜ್ಜಿ ಮಾತ್ರ ಕೊನೆತನಕ ತೆಳ್ಳಗಿದ್ದಳು.
– ಹೆಸರು ಬೇಡ, ಗದಗ

ಉತ್ತರ: ನಿಮ್ಮ ಕೊನೆಯ ಸಾಲನ್ನೇ ಮೊದಲು ಹಿಡಿಯುತ್ತೇನೆ, ತಂಗೀ. ಅಜ್ಜಿಯ ಜೀನಿನಲ್ಲಿ ಒಂದು ಪಾಲು ಅವ್ವನಿಗೆ, ಅಲ್ಲಿಂದ ನಿಮಗೆ ಬಂದಿದೆ. ಎರಡು ತಲೆಮಾರಿನಲ್ಲಿ ಜೀನ್ ಅಷ್ಟೊಂದು ಬದಲಾಗುವುದಿಲ್ಲ. ಬದಲಾಗಿದ್ದು ದುಡಿಮೆ. ಮಗ್ಗದಲ್ಲಿ ಕಾಲು ತುಳಿಯುತ್ತಲೇ ಇರಬೇಕು, ಕೈಗೂ ಬಿಡುವಿಲ್ಲ. ನಿಮ್ಮ ಮಷಿನ್ನಿನಲ್ಲಿ ಆ ಕೆಲಸವನ್ನು ಮೋಟಾರ್ ಮಾಡುತ್ತದೆ.

ಹಾಗಂತ ಜೀನಿನ ಮಾತು ಸುಳ್ಳಲ್ಲ. 2007ರಲ್ಲಿ ಎಫ್‌ಟಿಓ ಅನ್ನುವ ಜೀನ್ ಸುದ್ದಿಯಾಯಿತು. 16ನೇ ಕ್ರೋಮೋಸೋಮಿನಲ್ಲಿದೆ. ಅದರ ಒಂದು ಬಗೆ ತಂದೆ, ತಾಯಿ ಇಬ್ಬರಿಂದಲೂ ಬಂದವರ ತೂಕ, ಅದು ಇಲ್ಲದವರಿಗಿಂತ ಸರಾಸರಿ 3 ಕೆಜಿ ಜಾಸ್ತಿ. ಇಂಥವರಿಗೆ ಹಸಿವು ಸ್ವಲ್ಪ ಹೆಚ್ಚು, ಹೊಟ್ಟೆ ತುಂಬಿತು ಅನ್ನಿಸುವುದು ತಡ. ಇದು ಮನಸ್ಸಿನ ದುರ್ಬಲತೆ ಅಲ್ಲ. ಆದರೆ ನೋಡಿ, ಬರೀ 3 ಕೆಜಿ. 2011ರಲ್ಲಿ 2 ಲಕ್ಷಕ್ಕೂ ಹೆಚ್ಚು ವಯಸ್ಕರ ಲೆಕ್ಕ ಹಾಕಿದಾಗ, ಮೈ ಬಗ್ಗಿಸಿ ಓಡಾಡುವವರಲ್ಲಿ ಈ ಜೀನಿನಿಂದ ಬೊಜ್ಜು ಬರುವ ಅಪಾಯ ಸುಮಾರು ಕಾಲು ಭಾಗ ಇಳಿದಿತ್ತು. ಟೆಸ್ಟ್ ಮಾಡಿಸಿ ಆ ಬಗೆಯ ಜೀನ್ ಇದೆ ಅಂತ ಬಂದರೂ ನಾನು ಹೇಳುವ ಔಷಧ ಬದಲಾಗುವುದಿಲ್ಲ. ಆ ದುಡ್ಡು ಉಳಿಸಿ. ಕೂಸಿದ್ದಾಗಲೇ ವಿಪರೀತ ತೂಕ, ಎಷ್ಟು ಉಂಡರೂ ತೀರದ ಹಸಿವು ಇರುವ ಮಕ್ಕಳಿಗೆ ಮಾತ್ರ ಜೀನ್ ಟೆಸ್ಟ್ ನಿಜವಾಗಿ ಬೇಕಾಗುತ್ತದೆ.

ಲೆಪ್ಟಿನ್ ನೋಡಿ ಹೆದರಿದ್ದೀರಿ. 1994ರಲ್ಲಿ ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಕೊಬ್ಬಿನ ಜೀವಕೋಶಗಳೇ ಇದನ್ನು ರಕ್ತಕ್ಕೆ ಬಿಡುತ್ತವೆ. "ಸಾಕು, ದಾಸ್ತಾನು ತುಂಬಿದೆ" ಅಂತ ಮಿದುಳಿಗೆ ಹೇಳಿ ಕಳಿಸುವುದು ಇದರ ಕೆಲಸ. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ, ಮಿದುಳು ಮಾತ್ರ ಕಿವಿಗೊಡುವುದನ್ನು ಬಿಡುತ್ತದೆ. ಹಾಗಾಗಿ ನಿಮ್ಮ ರಿಪೋರ್ಟ್ ಹೇಳಿದ್ದು ತಕ್ಕಡಿ ಆಗಲೇ ಹೇಳಿದ್ದನ್ನೇ.

ಸಿಆರ್‌ಪಿ ಸ್ವಲ್ಪ ಬೇರೆ. ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ, ಮೈಯೊಳಗೆ ಸಣ್ಣ ಉರಿಯೂತ ಹಚ್ಚಿಟ್ಟಿರುತ್ತದೆ. ಆಗ ಲಿವರ್ ರಕ್ತಕ್ಕೆ ಬಿಡುವ ಸಿಆರ್‌ಪಿ ಅನ್ನುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೃದಯದ ಕಡೆ ಗಮನ ಬೇಕು. ಆದರೆ ನೆಗಡಿ, ಹಲ್ಲಿನ ಕೀವಿಗೂ ಇದು ಏರುತ್ತದೆ. ಅಂಥದ್ದೇನಾದರೂ ಇತ್ತಾ? ಇದ್ದರೆ ಗುಣವಾಗಿ ಎರಡು ವಾರದ ಮೇಲೆ ಮತ್ತೆ ನೋಡಿಸಿ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 29.6. ನಮ್ಮ ದೇಶದವರಿಗೆ 25ಕ್ಕೇ ಬೊಜ್ಜು ಅಂತ ಲೆಕ್ಕ. ನನಗೆ ಬೇಕಾದ ರಕ್ತಪರೀಕ್ಷೆಗಳು ಯಾವ ಊರಲ್ಲೂ ಸಿಗುತ್ತವೆ: ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್, ಥೈರಾಯ್ಡ್, ಲಿವರ್. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಅಂತ ಅರ್ಥ. ಅಲ್ಲಿಂದ ವಾಪಸ್ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 150ರ ಕೆಳಗೆ, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 50ರ ಮೇಲೆ ಇರಲಿ. ಇನ್ನೊಂದು ಅಳತೆಗೆ ನಿಮ್ಮ ಅಂಗಡಿಯ ಟೇಪೇ ಸಾಕು. ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಸೊಂಟ ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್ ಗಡಿ.

ಹುಬ್ಬಳ್ಳಿಯಲ್ಲಿ ಪ್ರಾಕ್ಟೀಸ್ ಶುರು ಮಾಡಿದಾಗ "ಬಾಯಿ ಕಟ್ಟಬೇಕವ್ವಾ" ಅಂತ ಗದರಿಸಿ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಒಬ್ಬ ಹೆಣ್ಣುಮಗಳು 3 ವರ್ಷ ನನ್ನ ಹತ್ತಿರ ಬರಲಿಲ್ಲ. ಬಂದಾಗ ಕಾಲಲ್ಲಿ ಮಾಯದ ಗಾಯ, ಸಕ್ಕರೆ 300 ದಾಟಿತ್ತು. ನಾಚಿಕೆಯಿಂದ ಬರಲಿಲ್ಲ ಅಂದಳು. ಆ ನಾಚಿಕೆ ನಾನು ಕೊಟ್ಟಿದ್ದು. ಇವತ್ತಿಗೂ ಮರೆತಿಲ್ಲ. ಅದಕ್ಕೇ ಹೇಳುತ್ತೇನೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಪರೀಕ್ಷೆ ಮುಂದೆ ಹಾಕಬೇಡಿ.

ಜೋಳದ ರೊಟ್ಟಿ, ಕಾಳುಪಲ್ಯೆ ಬಿಡಬೇಕಿಲ್ಲ. ಸಂಜೆ ಚಹಾದ ಜೊತೆ ಬರುವ ಮಿರ್ಚಿ ಭಜಿ ವಾರಕ್ಕೊಮ್ಮೆ ಆಗಲಿ, ಚಹಾದ ಸಕ್ಕರೆ ಅರ್ಧಕ್ಕೆ ಇಳಿಯಲಿ. ಪ್ರತಿ ಬ್ಲೌಸ್ ಮುಗಿದಾಗ ಎದ್ದು ಐದು ನಿಮಿಷ ಓಡಾಡಿ. ಬೆಳಿಗ್ಗೆ ಭೀಷ್ಮ ಕೆರೆ ಕಡೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಅವ್ವನನ್ನೂ ಕರೆದುಕೊಂಡು ಹೋಗಿ. 74ರಲ್ಲಿ 4 ಕೆಜಿ ಇಳಿದರೂ ಸಕ್ಕರೆ, ಟ್ರೈಗ್ಲಿಸರೈಡ್ ಕೆಳಗೆ ಬರುತ್ತವೆ. ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಸೊಂಟದ ಅಳತೆ ಜೊತೆ ನನಗೆ ಬರೆಯಿರಿ. ಅವ್ವನ ಸಕ್ಕರೆ ಎಷ್ಟಿದೆ ಅಂತಲೂ ತಿಳಿಸಿ, ನೀವು ಅದನ್ನು ಬರೆದೇ ಇಲ್ಲ.