ಸಾವಿನ ಮನೆಯಲ್ಲಿ ಚೌಕಾಶಿ

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಹದಿನೈದು ನಿಮಿಷದ ಕಿರುಚಿತ್ರ, ವಿಜಯಪುರದಲ್ಲೇ ಶೂಟಿಂಗ್, ಸಾವಿನ ಮನೆಯಲ್ಲಿ ದುಡ್ಡು ಮಾಡುವವರ ಬಗ್ಗೆ ಕಾಮಿಡಿ. ಅದಕ್ಕೆ ಮೊದಲು ಯಾವ ಸಿನಿಮಾ ನೋಡಬೇಕು, ಮನೆಯ ಹಿರಿಯರು ಬೈಯದ ಹಾಗೆ ಹೇಗೆ ಬರೀಬೇಕು ಅಂತ ಕೇಳಿದ್ದೀಯ. ಅದರ ಕೆಳಗೆ ಇಬ್ಬರು "ಸತ್ತವರ ಮೇಲೆ ನಗೋದು ಪಾಪ" ಅಂತ ಬರೆದಿದ್ದಾರೆ. ಅವರಿಗೂ ಸೇರಿಸಿ ಇಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದು.

ಮೊದಲು ನಮ್ಮ ಮನೆಯದೇ ಒಂದು ಸಂಗತಿ. ಮೂರು ವರ್ಷದ ಹಿಂದೆ ಏಪ್ರಿಲ್ ಕೊನೆಗೆ ನಮ್ಮ ಕಾಕಾ ಹೋದರು. ರಾತ್ರಿ ಎರಡು ಗಂಟೆ. ಮಗ ಪುಣೆಯಿಂದ ಬರಬೇಕು, ಅಲ್ಲಿವರೆಗೆ ಇಡಬೇಕು, ನಮ್ಮ ಊರಿನ ಏಪ್ರಿಲ್ ಬಿಸಿಲು ನಿನಗೆ ಹೇಳೋದೇ ಬೇಡ. ಐಸ್ ಪೆಟ್ಟಿಗೆಯವನ ನಂಬರ್ ಯಾರೋ ಕೊಟ್ಟರು. ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಭಾಳ ಮೆತ್ತಗಿನ ದನಿಯಲ್ಲಿ ಕೇಳಿದ: "ಸಾದಾ ಬೇಕೋ, ಗ್ಲಾಸಿಂದ್ ಬೇಕೋ ರೀ? ಗ್ಲಾಸಿಂದಾದ್ರ ನಾಕೂ ಕಡಿಂದ ಮಾರಿ ಕಾಣ್ತದ."

ನಾನು ಸಂತೆಯಲ್ಲಿ ಬದನೆಕಾಯಿಗೆ ಎರಡು ರೂಪಾಯಿ ಇಳಿಸದೆ ಚೀಲ ಬಿಚ್ಚುವವನಲ್ಲ. ಅವತ್ತು ರೇಟ್ ಕೂಡ ಕೇಳಲಿಲ್ಲ. "ಗ್ಲಾಸಿಂದೇ ತರ್ರಿ" ಅಂದೆ. ಬೆಳಗ್ಗೆ ಹೂವಿನವನು ಬಂದ. "ದೊಡ್ಡ ಮನಿತನ, ಸಣ್ಣ ಹಾರ ಛಂದ ಕಾಣಂಗಿಲ್ರಿ" ಅಂದ, ಅದಕ್ಕೂ ತಲೆಯಾಡಿಸಿದೆ. ಮಗನ ಗಾಡಿ ಸೋಲಾಪುರದ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿತು. ಪೆಟ್ಟಿಗೆಯವನು ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಾ, ಇಪ್ಪತ್ನಾಲ್ಕು ತಾಸು ದಾಟಿದರೆ ಎರಡನೇ ದಿನದ ಬಾಡಿಗೆ ಅಂತ ನಮ್ಮ ಅಣ್ಣನ ಕಿವಿಯಲ್ಲಿ ಹೇಳಿದ. ಲಾಡ್ಜ್‌ನಲ್ಲಿ ರೂಮ್ ಖಾಲಿ ಮಾಡೋ ಟೈಮ್ ಹೇಳ್ತಾರಲ್ಲ, ಹಂಗೆ. ಪೆಟ್ಟಿಗೆ ಪಕ್ಕ ಕೂತಿದ್ದ ಕಾಕು ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. ಗುರ್ರ್ ಅನ್ನೋ ಪೆಟ್ಟಿಗೆ ನೋಡಿ ಅಂದರು: "ಇಷ್ಟ್ ವರ್ಷ ಒಂದ್ ಕೂಲರ್ ಕೊಡಸ್ರಿ ಅಂದ್ರ ಕರೆಂಟ್ ಬಿಲ್ ಬರ್ತದ ಅಂತಿದ್ರು. ಈಗ ನೋಡ್ರಿ ಹೆಂಗ ತಂಪಾಗಿ ಮಲಗ್ಯಾರ."

ನಾವೆಲ್ಲ ನಕ್ಕೆವು. ಕಾಕೂನೂ ನಕ್ಕರು, ನಗ್ತಾ ನಗ್ತಾನೇ ಅತ್ತರು.

ನಿನ್ನ ಸಿನಿಮಾ ಇಲ್ಲಿದೆ. ಅವತ್ತು ಯಾರೂ ಕಾಕಾನ ಮೇಲೆ ನಗಲಿಲ್ಲ, ಶಾಸ್ತ್ರದ ಮೇಲೂ ನಗಲಿಲ್ಲ. ಬದುಕಿದ್ದವರು ರೇಟ್ ಕೇಳಲಾಗದೆ ಬಾಯಿ ಮುಚ್ಚಿಕೊಂಡು ನಿಂತಿದ್ದರಲ್ಲ, ನಗು ಹುಟ್ಟಿದ್ದು ಅಲ್ಲಿಂದ. ಈ ಜಾತಿಯ ಸಿನಿಮಾಗಳಲ್ಲಿ ಒಳ್ಳೆಯವು ಅಂತ ನಾನು ಒಪ್ಪೋದು ಈ ಒಂದು ಜಾಗವನ್ನು ಹಿಡಿದವನ್ನು ಮಾತ್ರ. ಉಳಿದವು ಸುಮ್ನೆ ಹೆಣ ಕೆಳಗೆ ಬೀಳಿಸಿ ನಗಿಸ್ತವೆ.

ಮೊದಲನೆಯದು 'ದಿ ಲವ್ಡ್ ಒನ್', 1965. ಟೋನಿ ರಿಚರ್ಡ್‌ಸನ್ ನಿರ್ದೇಶನ, ಎವೆಲಿನ್ ವಾ ಅವರ 1948ರ ಕಾದಂಬರಿಯಿಂದ ತೆಗೆದದ್ದು, ಕಪ್ಪು-ಬಿಳುಪು. ಒಬ್ಬ ಇಂಗ್ಲಿಷ್ ಹುಡುಗ ಅಮೆರಿಕಕ್ಕೆ ಬರ್ತಾನೆ, ಅವನ ಸೋದರಮಾವ ನೇಣು ಹಾಕಿಕೊಳ್ತಾರೆ, ಅವರನ್ನು ಮಣ್ಣು ಮಾಡಿಸೋಕೆ ಇವನು ಒಂದು ಭಾರಿ ಸ್ಮಶಾನಕ್ಕೆ ಹೋಗ್ತಾನೆ. ಹೆಸರಿಗೆ ಸ್ಮಶಾನ, ನೋಡೋಕೆ ರೆಸಾರ್ಟ್. ಶವಪೆಟ್ಟಿಗೆ ಮಾರುವವನ ಸೀನ್ ಒಂದನ್ನೇ ಹತ್ತು ಸಲ ನೋಡು. ಒಳಗೆ ಹಾಸುವ ಬಟ್ಟೆ ತೋರಿಸ್ತಾ ಅವನು ಹುಡುಗನಿಗೆ ಎಚ್ಚರಿಕೆ ಕೊಡ್ತಾನೆ, ರೇಯಾನ್ ಆದರೆ ಮೈಗೆ ಉಜ್ಜುತ್ತದೆ ಅಂತ. ಸತ್ತವನ ಮೈಗೆ! ಹೇಳುವಾಗ ಅವನ ಮುಖದಲ್ಲಿ ಒಂಚೂರೂ ನಗು ಇಲ್ಲ, ನಮ್ಮ ಪೆಟ್ಟಿಗೆಯವನ ದನಿಯೇ ಅದು. ಪಾತ್ರ ಮಾಡಿದ್ದು ಪಿಯಾನೋ ವಾದಕ ಲಿಬರಾಚಿ. ಆಮೇಲೆ ಸ್ಮಶಾನದ ಮಾಲೀಕನಿಗೆ ಒಂದು ಲೆಕ್ಕ ಹೊಳೆಯುತ್ತದೆ: ಹೆಣ ದುಡ್ಡು ಕೊಡೋದು ಒಂದೇ ಸಲ, ಜಾಗ ಹಿಡಿಯೋದು ಮಾತ್ರ ಕಾಯಂ. ಹಂಗಾಗಿ ಎಲ್ಲ ಹೆಣ ಎತ್ತಿ ರಾಕೆಟ್‌ನಲ್ಲಿ ಆಕಾಶಕ್ಕೆ ಕಳಿಸಿ, ಆ ಜಾಗದಲ್ಲಿ ಮುದುಕರಿಗೆ ಮನೆ ಕಟ್ಟಬೇಕು ಅಂತ. ಸಿನಿಮಾ ಎರಡು ತಾಸು, ನಡುವೆ ಸ್ವಲ್ಪ ಎಳೆಯುತ್ತದೆ, ಓಡಿಸಿಕೊಂಡು ನೋಡು.

ಇದನ್ನು ಉತ್ಪ್ರೇಕ್ಷೆ ಅಂದುಕೋಬೇಡ. ಕಾದಂಬರಿಗೆ ಮೂಲ ಲಾಸ್ ಏಂಜಲೀಸ್ ಹತ್ತಿರದ ಫಾರೆಸ್ಟ್ ಲಾನ್ ಸ್ಮಶಾನ. ಅಲ್ಲಿ ಮದುವೆಗಳೂ ಆಗ್ತವೆ. ರೊನಾಲ್ಡ್ ರೇಗನ್ ಮೊದಲ ಮದುವೆ 1940ರಲ್ಲಿ ಆಗಿದ್ದು ಅಲ್ಲಿನ ಚರ್ಚಿನಲ್ಲೇ. ಬದುಕಿರುವಾಗಲೇ ಜಾಗ ಬುಕ್ ಮಾಡಿ ಅಂತ ಮಾರುವ ಪದ್ಧತಿಗೆ ದೊಡ್ಡ ಮಟ್ಟದಲ್ಲಿ ಚಾಲನೆ ಕೊಟ್ಟವರಲ್ಲಿ ಅಲ್ಲಿನವರೂ ಒಬ್ಬರು. 1963ರಲ್ಲಿ ಜೆಸ್ಸಿಕಾ ಮಿಟ್‌ಫೋರ್ಡ್ ಅನ್ನುವ ಲೇಖಕಿ ಅಮೆರಿಕದ ಈ ಧಂದೆಯ ಬಿಲ್ಲುಗಳನ್ನೆಲ್ಲ ಬಿಡಿಸಿಟ್ಟು ಪುಸ್ತಕ ಬರೆದರು, ದೊಡ್ಡ ಗದ್ದಲ ಆಯಿತು. ಪ್ರತಿಯೊಂದಕ್ಕೂ ಬೇರೆ ಬೇರೆ ರೇಟ್ ಬರೆದ ಪಟ್ಟಿ ಕೊಡಬೇಕು, ಫೋನಲ್ಲಿ ಕೇಳಿದರೂ ರೇಟ್ ಹೇಳಬೇಕು ಅನ್ನುವ ನಿಯಮ ಅಲ್ಲಿ ಜಾರಿಗೆ ಬಂದಿದ್ದು 1984ರಲ್ಲಿ. ಅಂದರೆ ರೇಟ್ ಕೇಳಲಾಗದೆ ಒದ್ದಾಡಿದ್ದು ನಾನೊಬ್ಬನೇ ಅಲ್ಲ, ಅದಕ್ಕೆ ಒಂದು ದೇಶ ಕಾನೂನೇ ಮಾಡಬೇಕಾಯಿತು.

ಅದೇ 1984ರಲ್ಲಿ ಜಪಾನಿನಲ್ಲಿ ಜೂಜೋ ಇತಾಮಿ 'ಒಸೋಶಿಕಿ' ತೆಗೆದರು. ಅರ್ಥ ಅಂತ್ಯಕ್ರಿಯೆ ಅಂತಲೇ. ನನಗೆ ಕೇಳಿದರೆ ನೀನು ನೋಡಲೇಬೇಕಾದ ಸಿನಿಮಾ ಇದು, ಉಳಿದವು ಬಿಟ್ಟರೂ ನಡೆಯುತ್ತದೆ. ಅವರ ಮಾವ ತೀರಿಹೋದಾಗ ಮನೆಯಲ್ಲಿ ನಡೆದದ್ದನ್ನೇ ಇಟ್ಟುಕೊಂಡು ಬರೆದದ್ದು. ಮಗಳ ಪಾತ್ರ ಮಾಡಿದ್ದು ಅವರ ಹೆಂಡತಿ ನೊಬುಕೊ ಮಿಯಾಮೊತೊ. ಕಥೆ ಏನೂ ಇಲ್ಲ, ಮೂರು ದಿನದ ಓಡಾಟ. ಗಂಡ ಹೆಂಡತಿ ಇಬ್ಬರಿಗೂ ಶಾಸ್ತ್ರ ಒಂದೂ ಗೊತ್ತಿಲ್ಲ, ಬಂದವರು ಹೀಗೆ ಅಂದರೆ ನಾವು ಏನು ಅನ್ನಬೇಕು ಅಂತ ವಿಡಿಯೋ ಕ್ಯಾಸೆಟ್ ಹಾಕಿ ಕಲೀತಾರೆ. ಈಗ ನಾವು ಯೂಟ್ಯೂಬ್ ನೋಡಿ ಪೂಜೆ ಮಾಡೋ ಹಾಗೆ. ಮಂತ್ರ ಹೇಳುವ ಗುರುಗಳು ರೋಲ್ಸ್ ರಾಯ್ಸ್ ಕಾರಿನಲ್ಲಿ ಇಳೀತಾರೆ. ಅವರಿಗೆ ಎಷ್ಟು ಕೊಡಬೇಕು ಅನ್ನೋ ಪಿಸುಮಾತು ಇದೆಯಲ್ಲ, ಅದನ್ನು ನಮ್ಮ ಮನೆಗಳಲ್ಲಿ ನೀನೇ ಕೇಳಿರ್ತೀಯ: "ಅಯ್ಯಾರಿಗೆ ದಕ್ಷಿಣಿ ಎಷ್ಟು ಇಡೂದು?" "ಅವ್ರು ಬಾಯಿಬಿಟ್ಟು ಹೇಳಂಗಿಲ್ಲ, ನೀವs ತಿಳ್ಕೋಬೇಕು."

ಇತಾಮಿ ಯಾರನ್ನೂ ಕೆಟ್ಟವರು ಮಾಡಲಿಲ್ಲ. ಅಂತ್ಯಕ್ರಿಯೆ ನಡೆಸಿಕೊಡುವವನು ಕಪ್ಪು ಕನ್ನಡಕ ಹಾಕಿಕೊಂಡಿರ್ತಾನೆ, ವಿಚಿತ್ರ ಅನಿಸ್ತಾನೆ, ಆದರೆ ಅವನಿಲ್ಲದೆ ಮನೆಯವರಿಗೆ ಒಂದು ಹೆಜ್ಜೆ ಇಡೋಕೆ ಆಗಲ್ಲ. ಈ ಹದವನ್ನು ಕಲಿ.

ಮೂರನೆಯದು ಮಲಯಾಳಂನ 'ಈ.ಮ.ಯೌ.', 2018, ಲಿಜೊ ಜೋಸ್ ಪೆಲ್ಲಿಶೇರಿ. ಸಮುದ್ರದಂಡೆಯ ಕ್ರಿಶ್ಚಿಯನ್ ಕುಟುಂಬ. ಅಪ್ಪ ಮಗ ಕೂತು ಕುಡೀತಾ ಇರುವಾಗ, ತನ್ನ ಅಪ್ಪನಿಗೆ ಎಷ್ಟು ಜೋರಾಗಿ ಅಂತ್ಯಕ್ರಿಯೆ ಆಗಿತ್ತು ಅಂತ ಮುದುಕ ನೆನೆಸ್ಕೊಳ್ತಾನೆ. ಮಗ ಉಮೇದಿನಲ್ಲಿ ಅದಕ್ಕಿಂತ ಜೋರು ಮಾಡ್ತೀನಿ, ಬ್ಯಾಂಡ್ ತರಿಸ್ತೀನಿ ಅಂತ ಮಾತು ಕೊಡ್ತಾನೆ. ಮುದುಕ ಅದೇ ರಾತ್ರಿ ಸಾಯ್ತಾನೆ. ಜೇಬಿನಲ್ಲಿ ದುಡ್ಡಿಲ್ಲ, ಮಳೆ ಬೇರೆ. ದುಬಾರಿ ಪೆಟ್ಟಿಗೆ ಏನಾಗುತ್ತೆ ಅಂತ ಹೇಳಲ್ಲ, ನೀನೇ ನೋಡು. ಇದಕ್ಕೆ ಸಬ್‌ಟೈಟಲ್ ಬೇಕು, ಕೂಗಾಟ ಜಾಸ್ತಿ, ರಾತ್ರಿ ಮನೆಮಂದಿ ಮಲಗಿದ ಮೇಲೆ ಹಾಕಿದರೆ ನಿಜವಾಗಿ ಯಾರೋ ಸತ್ತರು ಅಂತ ಎದ್ದು ಬರ್ತಾರೆ, ನಮ್ಮ ಮನೆಯಲ್ಲಿ ಹಾಗೇ ಆಯಿತು.

ಉಳಿದವನ್ನು ಬೇಗ ಮುಗಿಸ್ತೀನಿ. 'ಪ್ಲಾಟ್ಸ್ ವಿತ್ ಎ ವ್ಯೂ', 2002: ವೇಲ್ಸ್‌ನ ಒಂದು ಸಣ್ಣ ಊರಲ್ಲಿ ಎರಡು ಅಂತ್ಯಕ್ರಿಯೆ ಅಂಗಡಿಗಳ ಪೈಪೋಟಿ. ಒಬ್ಬ ಹಳೇ ಕಾಲದವನು, ಇನ್ನೊಬ್ಬ ಅಮೆರಿಕನ್, ಸಾವನ್ನೇ ಥೀಮ್ ಪಾರ್ಟಿ ಮಾಡ್ತಾನೆ. ಹಗುರ, ಮನೆಮಂದಿ ಜೊತೆ ನೋಡಬಹುದು. 'ದ ಕಾಮಿಡಿ ಆಫ್ ಟೆರರ್ಸ್' 60ರ ದಶಕದ್ದು, ವಿನ್ಸೆಂಟ್ ಪ್ರೈಸ್ ಇದ್ದಾರೆ. ಒಂದೇ ಪೆಟ್ಟಿಗೆಯನ್ನು ಮತ್ತೆ ಮತ್ತೆ ವಾಪಸ್ ತಂದು ಬಾಡಿಗೆ ಓಡಿಸೋ ಐಡಿಯಾ ಒಂದು ಸಾಕು, ಮುಂದಿನದು ಬರೀ ಗಲಾಟೆ. 'ಡೆತ್ ಅಟ್ ಎ ಫ್ಯೂನರಲ್', 2007ರದ್ದು, ಮೊದಲ ಐದು ನಿಮಿಷ ನೋಡಿ ಬಿಡು: ಪೆಟ್ಟಿಗೆ ತೆಗೆದರೆ ಒಳಗೆ ಬೇರೆ ಯಾರದೋ ಹೆಣ. ನಮ್ಮ 'ತಿಥಿ' ಎಲ್ಲರೂ ಹೇಳ್ತಾರೆ, ನಾನೂ ಮೂರು ಸಲ ನೋಡಿದ್ದೀನಿ. ಆದರೆ ಅದು ಜಮೀನಿನ ಕಥೆ, ಸಾವಿನ ವ್ಯಾಪಾರದ್ದಲ್ಲ. ಅದರಿಂದ ಕಲಿಯೋದು ಬೇರೆ: ನಟರಲ್ಲದ ಹಳ್ಳಿ ಜನರಿಂದಲೇ ಹೇಗೆ ಮಾತಾಡಿಸಿದ್ದಾರೆ ಅನ್ನೋದು.

ನಿಮ್ಮ ಮನೆಯಲ್ಲಿ ಮರಾಠಿ ತಿಳಿಯುತ್ತೆ ಅಲ್ವಾ? ಹಾಗಿದ್ದರೆ ಸತೀಶ್ ಆಳೇಕರ್ ಅವರ 'ಮಹಾನಿರ್ವಾಣ' ನಾಟಕ ಹುಡುಕು. 1974ರದ್ದು. ಸತ್ತವನೇ ಎದ್ದು ನಿಂತು ಕೀರ್ತನೆ ಹೇಳ್ತಾನೆ, ನನ್ನನ್ನು ಹಳೇ ಸ್ಮಶಾನದಲ್ಲೇ ಸುಡಬೇಕು ಅಂತ ಹಟ ಹಿಡೀತಾನೆ. ಸಿನಿಮಾ ಅಲ್ಲ, ಆದರೆ ನಗುವಿನ ವಿಷಯದಲ್ಲಿ ಎಷ್ಟೋ ಸಿನಿಮಾಗಳಿಗಿಂತ ಮುಂದೆ ಇದೆ.

ಈಗ ನಿನ್ನ ಸ್ಕ್ರಿಪ್ಟ್. ನೀನು ಹಾಕಿದ ಸೀನಿನಲ್ಲಿ ಶವಪೆಟ್ಟಿಗೆ ಅಂಗಡಿ ಇದೆ. ಅದನ್ನು ತೆಗೆ. ನಮ್ಮ ಓಣಿಗಳಲ್ಲಿ ಎಷ್ಟು ಮನೆಯಲ್ಲಿ ಪೆಟ್ಟಿಗೆ ಕೊಳ್ತಾರೆ? ಲಿಂಗಾಯತರಲ್ಲಿ ಕೂರಿಸಿ, ಹೂವಿನ ಪಲ್ಲಕ್ಕಿಯಂಥ ವಿಮಾನ ಕಟ್ಟಿ, ಭಜನೆ ಹಚ್ಚಿ ಒಯ್ತಾರೆ, ಕೂತ ಹಾಗೇ ಮಣ್ಣು ಕೊಡ್ತಾರೆ. ಇಂಗ್ಲಿಷ್ ಸಿನಿಮಾದ ಪೆಟ್ಟಿಗೆ ಜೋಕ್ ಇಲ್ಲಿ ತಂದರೆ ಮಣ್ಣಿಗೆ ಹೋಗಿ ಬಂದ ಯಾವ ಮುದುಕನಿಗೂ ನಗು ಬರಲ್ಲ. ನಮ್ಮಲ್ಲಿ ಒಬ್ಬನೇ ಕಂಪನಿಯವನು ಇಲ್ಲ, ದುಡ್ಡು ಚೂರು ಚೂರಾಗಿ ಹೋಗುತ್ತೆ: ಐಸ್ ಪೆಟ್ಟಿಗೆ, ಪೆಂಡಾಲ್, ಕುರ್ಚಿ, ವಿಮಾನದ ಹೂವು, ಬ್ಯಾಂಡ್, ಪುಣೆಯವರಿಗೆ ಲೈವ್ ತೋರಿಸೋ ವಿಡಿಯೋದವನು. ಫ್ಲೆಕ್ಸ್ ಮರೀಬೇಡ. ಭಾವಪೂರ್ಣ ಶ್ರದ್ಧಾಂಜಲಿ ಅಂತ ನಡುವೆ ಸತ್ತವರ ಪಾಸ್‌ಪೋರ್ಟ್ ಸೈಜ್ ಫೋಟೊ, ಅದರ ಎರಡರಷ್ಟು ದೊಡ್ಡದಾಗಿ ಓಣಿಯ ಲೀಡರ್ ಕೈಮುಗಿದು ನಿಂತಿರ್ತಾರೆ. ಆ ಫ್ಲೆಕ್ಸ್ ಅಂಗಡಿಯಲ್ಲಿ ರಾತ್ರಿ ಕೂತು "ಯಾರ ಫೋಟೊ ಯಾವ ಸೈಜು" ಅಂತ ಜಗಳ ಆಡೋದು, ಅದೊಂದೇ ನಾಲ್ಕು ನಿಮಿಷದ ಸೀನ್ ಆಗುತ್ತೆ.

ಇನ್ನೊಂದು, ನಮ್ಮ ಊರಿನ ಹೊಗಳಿಕೆ ಸ್ವಲ್ಪ ಮಾಡಿಕೊಳ್ತೀನಿ. 'ದಿ ಲವ್ಡ್ ಒನ್' ಸ್ಮಶಾನದ ಹೆಸರು ವಿಸ್ಪರಿಂಗ್ ಗ್ಲೇಡ್ಸ್, ಪಿಸುಗುಡುವ ಬಯಲು ಅನ್ನೋ ಹಾಗೆ. ಪಿಸುಗುಟ್ಟಿದರೆ ಆ ಕಡೆ ಕೇಳುವ ಗೋಳಗುಮ್ಮಟ ಇಟ್ಟುಕೊಂಡು ಕೂತ ನಮಗೆ ಅವರೇನು ಹೇಳ್ತಾರೆ? ಮೊಹಮ್ಮದ್ ಆದಿಲ್ ಶಾ ಬದುಕಿರುವಾಗಲೇ ಕಟ್ಟಿಸಲು ಹಿಡಿದ ಗೋರಿ ಅದು, 1656ರಲ್ಲಿ ಅಲ್ಲೇ ಮಲಗಿದ. ಅವನ ಮಗ ಅದಕ್ಕಿಂತ ದೊಡ್ಡದು ಕಟ್ಟಿಸಲು ಹೋಗಿ ಬಾರಾ ಕಮಾನ್ ಅರ್ಧಕ್ಕೇ ನಿಂತಿತು. ಮೊಹಮ್ಮದನ ಅಪ್ಪನ ಗೋರಿ ಇಬ್ರಾಹಿಂ ರೋಜಾದಲ್ಲಂತೂ ಖರ್ಚನ್ನೇ ಪರ್ಷಿಯನ್‌ನಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ: ಒಂದೂವರೆ ಲಕ್ಷ ಹೊನ್ನು, ಮೇಲೆ ಒಂಬತ್ತು ನೂರು. ಆ ಮೇಲಿನ ಒಂಬತ್ತು ನೂರು ನೋಡಿದಾಗೆಲ್ಲ ನನಗೆ ಎರಡನೇ ದಿನದ ಬಾಡಿಗೆ ನೆನಪಾಗುತ್ತೆ. ನಿನ್ನ ಸಿನಿಮಾದ ಮೊದಲ ಶಾಟ್ ಇದೇ ಆಗಬಹುದು.

ಯಾರ ಮೇಲೆ ನಗಬಾರದು ಅನ್ನೋದನ್ನೂ ಹೇಳಿಬಿಡ್ತೀನಿ. ಕುಣಿ ತೋಡುವವರು, ಹಲಗಿ ಬಾರಿಸುವವರು. ಇಡೀ ಬಿಲ್ಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಸಿಗೋದು ಅವರಿಗೆ, ಎಲ್ಲರೂ ಚೌಕಾಶಿ ಮಾಡೋದೂ ಅವರ ಹತ್ತಿರವೇ. ನಾನೂ ಮಾಡಿದ್ದೇನೆ, ಐಸ್ ಪೆಟ್ಟಿಗೆಯವನಿಗೆ ಕೇಳಲಾಗದ್ದನ್ನು ಕುಣಿ ತೋಡಿದವನ ಹತ್ತಿರ ಕೇಳಿದೆ. ಇದನ್ನು ನೀನು ಸೀನ್ ಮಾಡಿದರೆ ನನ್ನ ತಕರಾರಿಲ್ಲ. ಅದರ ಮೊದಲು ಜಪಾನಿನ 'ಒಕುರಿಬಿತೊ' ನೋಡು, 2008ರದ್ದು, ಮುಂದಿನ ವರ್ಷ ಆಸ್ಕರ್ ಬಂತು. ಹೆಣ ಸಿಂಗರಿಸುವವನನ್ನು ಊರು ಹೇಗೆ ದೂರ ಇಡುತ್ತೆ, ಅವನ ಕೈ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸುತ್ತದೆ. ಕಾಮಿಡಿ ಅಲ್ಲ.

ಶೂಟಿಂಗ್ ವಿಷಯ. ನಿಜವಾದ ಸಾವಿನ ಮನೆಗೆ ಕ್ಯಾಮೆರಾ ಒಯ್ಯಬೇಡ, ಮೊಬೈಲ್‌ನಲ್ಲಿ ಕದ್ದು ಕೂಡ ಬೇಡ. ಐಸ್ ಪೆಟ್ಟಿಗೆಯಲ್ಲಿ ನಟನನ್ನು ಮಲಗಿಸಿದರೆ ಕರೆಂಟ್ ತೆಗೆದಿರಬೇಕು, ಮುಚ್ಚಳ ಪೂರ್ತಿ ಹಾಕಲೇಬಾರದು, ಕ್ಯಾಮೆರಾ ಇಲ್ಲದ ಕಡೆ ಒಂದು ಇಟ್ಟಿಗೆ ಕೊಟ್ಟು ಎತ್ತಿಡು, ಪಕ್ಕದಲ್ಲಿ ಒಬ್ಬ ಅದಕ್ಕೇ ಅಂತ ನಿಂತಿರಲಿ. ಹೊಟ್ಟೆ ಆಡೋದು ಕಾಣಬಾರದು ಅಂದರೆ ಮೇಲೆ ಶಾಲು, ದಪ್ಪ ಹಾರ. ಗಾಜಿನಲ್ಲಿ ನಿಮ್ಮದೇ ಮುಖ, ಲೈಟು ಕಾಣುತ್ತೆ, ಕ್ಯಾಮೆರಾ ಸ್ವಲ್ಪ ಓರೆ ಇಡು. ಪೆಟ್ಟಿಗೆಯ ಗುರ್ರ್ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಇಡೀ ಸೀನಿನ ಕೆಳಗೆ ಓಡಿಸು. ಆಮೇಲೆ ಒಂದು ಕಡೆ ಕರೆಂಟ್ ಹೋಗಲಿ. ಸದ್ದು ನಿಲ್ಲುತ್ತೆ, ಅಳುವವರೂ ನಿಲ್ಲಿಸಿ ಫ್ಯಾನ್ ಕಡೆ ನೋಡ್ತಾರೆ, ಪೆಟ್ಟಿಗೆಯವನು ಮೆತ್ತಗೆ ಅಂತಾನೆ: "ಜನರೇಟರ್ ಅದ ರೀ, ಅದರದು ಬ್ಯಾರೆ."

ನಮ್ಮ ಪೆಟ್ಟಿಗೆಯವನಿಗೆ ಇವತ್ತು ಮಧ್ಯಾಹ್ನ ಫೋನ್ ಮಾಡಿದ್ದೆ, ಹುಡುಗರು ಸಿನಿಮಾ ಮಾಡ್ತಾರೆ, ಒಂದು ದಿನಕ್ಕೆ ಕೊಡ್ತೀಯೇನು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅದೇ ದನಿ: "ಶೂಟಿಂಗಿಗಾದ್ರ ರೇಟ್ ಬ್ಯಾರೆ ರೀ. ಸಾದಾ ಬೇಕೋ, ಗ್ಲಾಸಿಂದೋ?" ಈ ಸಲ ಹತ್ತು ನಿಮಿಷ ಜಗ್ಗಾಡಿ ಅರ್ಧಕ್ಕೆ ಇಳಿಸಿದ್ದೀನಿ. ಗ್ಲಾಸಿಂದೇ. ಬರುವ ಭಾನುವಾರ ಬೆಳಗ್ಗೆ ಎಂಟಕ್ಕೆ ಕೊಡ್ತಾನೆ, ಅಡ್ವಾನ್ಸ್ ನಾನು ಕಳಿಸ್ತೀನಿ. ಅವನದು ಒಂದೇ ಷರತ್ತು: ಅವತ್ತು ಊರಲ್ಲಿ ಯಾರೂ ಹೋಗಿರಬಾರದು, ಹೋದರೆ ಪೆಟ್ಟಿಗೆ ಅಲ್ಲಿಗೆ.